ಓದಿ ಹೇಳಲಾಯಿತು, ಸರಿ ಇದೆ

ನಾನು ಅಂದದ್ದು ‘ವಾನಿ ಮಾದ್ರಿ ಉನ್ಯಾಡು.’
ಅವನ ಥರ ಇದ್ದ, ಅಂತ.
ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ
ಎಲ್ಲರ ಬಾಯೂ ಹೀಗೆ,
ಬೈಗುಳಕ್ಕೊಂದು ಭಾಷೆ, ಲೆಕ್ಕಕ್ಕೊಂದು.
ಕೋಲಾರದ ಕೋರ್ಟಿನಲ್ಲಿ ಅದು ಕನ್ನಡಕ್ಕೆ ಬರುವಾಗ
‘ಮಾದ್ರಿ’ ಎಲ್ಲೋ ಬಿದ್ದುಹೋಯಿತು.
ಟೈಪಾದದ್ದು: ‘ಅವನೇ.’

ಓದಿ ಹೇಳಲಾಯಿತು, ಸರಿ ಇದೆ,
ಅಂತ ಕೆಳಗೆ ಇತ್ತಂತೆ.
ಯಾರು ಓದಿದರೋ. ಫ್ಯಾನು ಜೋರಾಗಿತ್ತು.
ಹೆಬ್ಬೆಟ್ಟೊತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು
ಎರಡೂವರೆ ಬಸ್ಸಿಗೆ ಓಡಿದೆ.
ಸಂಜೆ ಲಾರಿಯವರಿಗೆ ಟೀ ಆಗಬೇಕಿತ್ತು.

ಆ ರಾತ್ರಿ ನಾನು ಕಂಡದ್ದಿಷ್ಟು:
ಕರೆಂಟು ಹೋಗಿತ್ತು. ಟ್ರ್ಯಾಕ್ಟರೊಂದು ತಿರುಗುವಾಗ
ಬೆಳಕು ಗೋಡೆಯ ಮೇಲೆ ಹರಿದು
ಒಂದು ಬೆನ್ನು. ತಲೆಗೆ ಟವೆಲು.
ಎಡಗಾಲು ಸ್ವಲ್ಪ ಎಳೆದಂತೆ.
ಒಂದು ಕ್ರೇಟು ಎತ್ತಿಡುವಷ್ಟು ಹೊತ್ತೂ ಇಲ್ಲ.
ಬೆಳಿಗ್ಗೆ ಕಾವಲಿನ ಪಿಳ್ಳಪ್ಪ ಒಣಹುಲ್ಲಿನೊಳಗೆ ಸತ್ತು ಬಿದ್ದಿದ್ದ.
ಹಮಾಲಿ ಕದಿರಪ್ಪ ಎಡಗಾಲು ಎಳೆಯುತ್ತಿದ್ದ, ನಿಜ.
ಮೂಟೆ ಹೊರುವವರಲ್ಲಿ ಕಾಲೆಳೆಯದವರು ಎಷ್ಟು ಮಂದಿ
ಅಂತ ಯಾರೂ ನನ್ನನ್ನು ಕೇಳಲಿಲ್ಲ.

ಜೀವಾವಧಿ.

ಅವನಕ್ಕ ಅಕ್ಕಲಮ್ಮ, ಹುಣಸೆಹಣ್ಣಿನ ಬೀಜ ಬಿಡಿಸುವವಳು,
ಬೆರಳ ತುದಿ ಹುಳಿಗೆ ಬೆಂದು ಬಿಳಚಿವೆ.
ರೇಷನ್ ಅಕ್ಕಿಯ ಚೀಲದಲ್ಲಿ ಕಾಗದ ತುಂಬಿಕೊಂಡು
ಬಸ್‌ಸ್ಟ್ಯಾಂಡು, ಹಮಾಲರ ಸಂಘ, ಮಸೀದಿ ಮುಂದಿನ ಕಟ್ಟೆ,
ಎಲ್ಲ ಕಡೆ ಸಹಿ ಕೇಳಿದಳು.
ಫ್ಲೆಕ್ಸಿಗೆ ಹಾಕಿಸಲು ಅವನದೊಂದೇ ಫೋಟೊ, ಮದುವೆಯದು.
ಹೆಂಡತಿ ತಾನು ಬೇಡವೆಂದಳಂತೆ, ಕತ್ತರಿಸಿದರು.
ಆದರೂ ಅವನ ಭುಜದ ಮೇಲೆ ಬಳೆ ತೊಟ್ಟ ಕೈಯೊಂದು ಉಳಿಯಿತು.
ಕೆಳಗೆ ದಪ್ಪ ಅಕ್ಷರ: ನನ್ನ ತಮ್ಮ ಕೊಂದಿಲ್ಲ.
ಮೂರನೇ ದಿನ ಯಾರೋ ಅದನ್ನು ಬಿಚ್ಚಿ
ಟೊಮೆಟೊ ರಾಶಿಗೆ ಹೊದಿಸಿದ್ದರು.
ಮಗುಚಿ, ಪುಣ್ಯಕ್ಕೆ.

ಪಿಳ್ಳಪ್ಪನ ಮಗಳೂ ಇದೇ ಬೀದಿಯವಳು.
ಸಹಿಯ ಹಾಳೆಯ ಮೇಲೆ ಉಗುಳಿದಳು. ಅವಳ ತಪ್ಪೇನು.
ಅಕ್ಕಲಮ್ಮ ಸೆರಗಲ್ಲಿ ಒರೆಸಿ, ಮಡಚಿ
ಮುಂದಿನ ಅಂಗಡಿಗೆ ಹೋದಳು.

ನನ್ನಲ್ಲಿಗೂ ಬರುತ್ತಿದ್ದಳು,
ಸೋಮವಾರ ಸೋಮವಾರ, ಆರು ವರ್ಷ.
ಬೈಯಲಿಲ್ಲ. ಹಾಳೆ ಚಾಚಲಿಲ್ಲ.
ಒಂದು ಟೀ ಕುಡಿದು, ಲೋಟ ತಾನೇ ತೊಳೆದು,
ಚಿಲ್ಲರೆ ಎಣಿಸಿಟ್ಟು ಹೋಗುವಳು.
ನಾನು ಸಕ್ಕರೆ ಜಾಸ್ತಿ ಹಾಕುತ್ತಿದ್ದೆ.
ಸಕ್ಕರೆಯಿಂದ ಏನಾದೀತು.

ಹೋದ ಶ್ರಾವಣದಲ್ಲಿ ಎಳೇ ವಕೀಲೆಯೊಬ್ಬಳು ಬಂದು
ನನ್ನ ಹೇಳಿಕೆಯನ್ನು ನನಗೆ ಓದಿ ಹೇಳಿದಳು,
ಮೊದಲ ಸಲ.
ಆ ‘ಅವನೇ’ ಬಂದಾಗ ಹಾಲು ಉಕ್ಕಿ ಒಲೆ ಆರಿತು.
‘ಏ’ ಅಲ್ಲಮ್ಮಾ, ನಾನು ‘ಏ’ ಅನ್ನಲಿಲ್ಲ.
ಅವಳು ಉಗುರಿನಲ್ಲಿ ತೋರಿಸಿದಳು:
ನೆತ್ತಿಯ ಮೇಲೊಂದು ಕೊಂಡಿ, ಪಕ್ಕದಲ್ಲೊಂದು ಬಾಲ.
ನಮ್ಮ ತಕ್ಕಡಿಯ ಕೊಕ್ಕೆ ಅದಕ್ಕಿಂತ ದೊಡ್ಡದು.

ಈಗ ನಾನೂ ಜೊತೆಗೆ ಹೋಗುತ್ತೇನೆ.
ಆಗ ಹಾಗಂದೆ, ಈಗ ಹೀಗಂತೀಯ, ಎಷ್ಟು ಕೊಟ್ಟಳು,
ಅನ್ನುತ್ತಾರೆ ಜನ.
ಠಾಣೆಯವನು ಟೀಗೆ ಬಂದು, ಕುಡಿಯದೆ,
ಸುಳ್ಳುಸಾಕ್ಷಿಗೆ ಎಷ್ಟು ವರ್ಷ ಅಂತ ಮಾತ್ರ ತಿಳಿಸಿ ಹೋದ.

ಅವನು ಕೊಂದಿಲ್ಲ ಅಂತ ನಾನು ಹೇಳಲಾರೆ.
ಗೊತ್ತಿಲ್ಲ ನನಗೆ.
ಮುಖ ಕಾಣಲಿಲ್ಲ ಅಂತ ಹೇಳಬಲ್ಲೆ.
ಅಕ್ಕಲಮ್ಮನಿಗೆ ಇದು ಸಾಲದು.
ಅವಳಿಗೆ ಬೇಕಾದದ್ದು ಇನ್ನೊಂದು ‘ಏ’,
ಅವನಲ್ಲವೇ ಅಲ್ಲ ಅಂತ.
ಅದಕ್ಕೆ ನನ್ನ ಬಾಯಿ ಮತ್ತೆ ಏಳುವುದಿಲ್ಲ.
ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಕೂತಿದ್ದಳು.

ಕೋಲಾರದ ನೋಟರಿ ಅಂಗಡಿಯಲ್ಲಿ ಅಫಿಡವಿಟ್ಟು ಆಯಿತು.
ಕೊನೆಯ ಸಾಲು ಇದರಲ್ಲೂ ಅದೇ.
ಹುಡುಗ ಶಾಯಿ ಹಚ್ಚಿ ನನ್ನ ಹೆಬ್ಬೆಟ್ಟು ಎಳೆದುಕೊಂಡ.
ತಡಿಯಪ್ಪಾ, ಅಂದೆ.
ಅವನು ಗೋಡೆ ಗಡಿಯಾರ ನೋಡಿದ.
ಎರಡೂವರೆ ಬಸ್ಸು ಹೋದರೆ ಹೋಗಲಿ.
ಆ ಫ್ಯಾನು ಆರಿಸು.
ಓದು.