ಯಿಝಾಕ್

ಲುಕ್ಯಾನನ ಅಕ್ಷರಮಾಲೆಯಲ್ಲಿ ಹದಿಮೂರನೆಯದು
ನೆಟ್ಟ ಕಡ್ಡಿ, ನೆತ್ತಿಯ ಮೇಲೆ ಎರಡು ಚುಕ್ಕಿ.
ಪಕ್ಕದ ಚಿತ್ರದಲ್ಲಿ ಮುಳ್ಳುಬೆನ್ನಿನ ಪುಟ್ಟ ಪ್ರಾಣಿ,
ಬೆನ್ನ ಮೇಲೊಂದು ಸೇಬು.
ಯಿಝಾಕ್, ಅಜ್ಜಿ!

ಅದು ಸೇಬು ಹೊರುವುದಿಲ್ಲ ಕಣೋ,
ಹುಳು ತಿನ್ನುತ್ತದೆ, ಜೀರುಂಡೆ ತಿನ್ನುತ್ತದೆ,
ಅರವತ್ತು ವರ್ಷದಲ್ಲಿ ನಾನಂತೂ ಕಂಡಿಲ್ಲ ಅಂದೆ.
ಅವನು ಸೇಬಿಗೇ ಮೊದಲು ಬಣ್ಣ ಹಚ್ಚಿದ,
ಗೆರೆ ದಾಟಿ, ಕೆಂಪು.

ಖಾರ್ಕಿವ್‌ನ ಟ್ರಾಮ್ ಡಿಪೋದಲ್ಲಿ ಅಡುಗೆ ನನ್ನದು.
ನನ್ನ ಲೆಕ್ಕಕ್ಕೆ ಯಿಝಾಕ್ ಎಂದರೆ ಮಂಗಳವಾರ:
ಕೊಚ್ಚಿದ ಮಾಂಸಕ್ಕೆ ಅಕ್ಕಿ ಬೆರೆಸಿ ಉಂಡೆ ಕಟ್ಟಿದರೆ
ಬೇಯುತ್ತ ಬೇಯುತ್ತ ಅಗುಳೆಲ್ಲ ಮುಳ್ಳಾಗಿ ನಿಮಿರುತ್ತವೆ.
ಟೊಮೇಟೊ ಸಾರಿನೊಂದಿಗೆ ತಲೆಗೆ ಮೂರು.
ಬೆಸುಗೆಯ ಹೋರ್ದಿಯ್‌ಗೆ ಮಾತ್ರ ನಾಲ್ಕು.
ಯಾಕೆ ಅಂತ ಕೇಳಬೇಡಿ.

ಆ ಮಾರ್ಚಿನಲ್ಲಿ ಹೋರ್ದಿಯ್ ಹಳೆಯ ಹಳಿಗಳನ್ನು ಕತ್ತರಿಸಿದ.
ಮೂರು ತುಂಡು, ನಡುವಿಗೆ ನಡು ಸೇರಿಸಿ ಬೆಸೆದ.
ಏನಿದು ಎಂದರೆ ಮುಖವಾಡ ಎತ್ತದೆ
ಯಿಝಾಕ್ ಅಂದ.
ನಗು ಬಂತು. ಮೂತಿಯಿಲ್ಲ, ಹೊಟ್ಟೆಯಿಲ್ಲ,
ಬರೀ ಮುಳ್ಳು, ಆರು.
ಟ್ಯಾಂಕು ಹತ್ತಲು ಹೋದರೆ ಅದರ ಹೊಟ್ಟೆಗೆ.
ಸೇತುವೆಯ ಬಾಯಿಗೆ ಮೂವತ್ತೆಂಟು ನಿಲ್ಲಿಸುವಷ್ಟರಲ್ಲಿ
ಡಿಪೋದ ಹಳಿ ಮುಗಿಯಿತು.
ನಮ್ಮ ಬೀದಿಗೆ ಟ್ರಾಮು ಆಮೇಲೆ ಬರಲಿಲ್ಲ.

ಕಡಲಲ್ಲೂ ಒಂದಿದೆಯಂತೆ, ಬರಿಗಾಲಿಗೆ ಚುಚ್ಚುವುದು.
ನಾನು ಕಡಲು ನೋಡಿಲ್ಲ.

ಹೇಗೆ ಕತ್ತರಿಸಲಿ ಎಂದಳಂತೆ ಕ್ಷೌರದಂಗಡಿಯ ಹುಡುಗಿ.
ಯಿಝಾಕ್ ಥರ, ಎಂದನಂತೆ ನನ್ನ ಯಾರೆಮಾ.
ಮರುದಿನ ಬೆಳಗಿನ ಐದಕ್ಕೆ ವ್ಯಾನು.
ಬಾಗಿಲಲ್ಲಿ ಅವನ ತಲೆ ಸವರಿದೆ:
ಹಣೆಯಿಂದ ಹಿಂದಕ್ಕೆ ಮಖಮಲ್ಲು,
ಕತ್ತಿನಿಂದ ಮೇಲಕ್ಕೆ ಚುಚ್ಚುತ್ತದೆ.
ಎರಡೂ ಕಡೆ ಸವರಿದೆ.
ಸಾಕಮ್ಮ, ಅಂದ.

ಕಿಟಕಿಯ ಕೆಳಗೆ ಕಳೆದ ವರ್ಷದ ಲಿಂಡನ್ ಎಲೆ
ಗುಡಿಸದೆ ಬಿಟ್ಟಿದ್ದೆ, ಸೋಮಾರಿತನಕ್ಕೆ.
ಏಪ್ರಿಲ್ ಕೊನೆಯ ಒಂದು ರಾತ್ರಿ ರಾಶಿ ಅಲುಗಿತು.
ದೀಪವಿಲ್ಲ, ಕರ್ಫ್ಯೂ ಹೊತ್ತು, ನಾಯಿಗಳೂ ಸುಮ್ಮನೆ.
ಚಳಿಗಾಲವಿಡೀ ಉಪವಾಸವಿದ್ದ ಮೈ,
ಅಜ್ಜನ ಕೋಟಿನಷ್ಟು ಸಡಿಲ ಚರ್ಮ,
ಮೂಗು ಮುಂದಿಟ್ಟು, ಬೀಡಿ ಸೇದುವವನ ಹಾಗೆ ಗೊರಗೊರ ಉಸಿರು ಬಿಡುತ್ತ
ಬೀದಿ ದಾಟಿ
ಸೇತುವೆಯ ಬಾಯಲ್ಲಿ, ಮೂವತ್ತೆಂಟರ ನಡುವೆ
ನಡೆಯಿತು, ಯಾರದೋ ಮನೆಯ ಮೇಜಿನ ಕಾಲುಗಳ ನಡುವೆ
ನಡೆದ ಹಾಗೆ.

ಯಾರದು! ಕಾವಲಿನ ಹುಡುಗನ ಕೂಗು.
ಬಂದೂಕಿನ ಸದ್ದು, ಇನ್ನೂ ಗುಂಡಲ್ಲ, ಚಿಲಕದ್ದು.
ಅದು ಉಂಡೆಯಾಯಿತು.
ನಾನು ಕಿಟಕಿ ತೆರೆದು ಕಿರುಚಿದೆ:
ಯಿಝಾಕ್, ಯಿಝಾಕ್ ಕಣಪ್ಪಾ!

ಯಾವುದು? ಎಂದ ಕತ್ತಲಿಂದ.

ಚೌಕಟ್ಟು ಹಿಡಿದು ನಿಂತೆ.
ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.