ವ್ಯಾಪ್ತಿ ಪ್ರದೇಶದ ಹೊರಗೆ

ಕಾಮಾಕ್ಷಿಪಾಳ್ಯದ ಗಂಗಬೈಲಪ್ಪ ನಾನು,
ಸುಟ್ಟ ಮೋಟಾರಿಗೆ ತಾಮ್ರ ಸುತ್ತುವವನು.
ಎಣಿಸುವುದೇ ನನ್ನ ಕಸುಬು:
ಒಂದು ಸುತ್ತು ತಪ್ಪಿದರೂ ಮತ್ತೆ ಹೊಗೆ.

ಆಷಾಢದಲ್ಲಿ ಹನ್ನೊಂದು ದಿನ
ಫೋನಿನ ಮೂಲೆಯ ಕಡ್ಡಿ ಒಂದೂ ಏಳಲಿಲ್ಲ.
ಕಸ್ಟಮರ್ ಕೇರಿಗೆ ಹೇಳೋಣವೆಂದರೆ
ಅದಕ್ಕೂ ನೆಟ್‌ವರ್ಕ್ ಬೇಕು.
ಟೀ ಅಂಗಡಿ ಹುಡುಗನ ಫೋನಿಂದ ಮಾಡಿದೆ.
'ನಿಮ್ಮ ನೋಂದಾಯಿತ ಸಂಖ್ಯೆಯಿಂದಲೇ ಕರೆ ಮಾಡಿ'
ಅಂದಳು, ದನಿಯಲ್ಲಿ ಜೇನು.
ರೀಚಾರ್ಜಿನ ದಿನಗಳು ಮಾತ್ರ
ಒಂದೊಂದೇ ಕರಗಿದವು, ತಪ್ಪದೆ.

ಶಾಂತಿನಗರದ ಗ್ರಾಹಕ ಆಯೋಗ. ನನಗೆ ವಕೀಲರಿಲ್ಲ.
ಅರ್ಜಿ ಬರೆದವಳು ಪಿಯುಸಿ ಓದುವ ಮಗಳು,
'ಸೇವಾ ನ್ಯೂನತೆ' ಎಂಬ ಪದ ಅವಳೇ ಹುಡುಕಿದ್ದು.
ನಮ್ಮ ಮನೆಯಲ್ಲೀಗ
ಸಾರಿಗೆ ಉಪ್ಪು ಕಮ್ಮಿಯಾದರೂ ಅದನ್ನೇ ಅನ್ನುತ್ತೇವೆ.

ಕಂಪನಿ ಕಡೆಯ ಲಾಯರು ಎದ್ದರು.
'ನಷ್ಟವಾಯಿತು ಅನ್ನುತ್ತೀರಿ. ದಾಖಲೆ?
ಯಾವ ಕರೆ ತಪ್ಪಿತು? ಎಷ್ಟು?'
ಬಾರದ ಕರೆಗೆ ರಸೀದಿ ಕೊಡುವವರು ಯಾರು ಸ್ವಾಮಿ?
ಸಾವಿರ ಮೋಟಾರಿನ ಸುತ್ತು ಎಣಿಸಿದ ಬೆರಳು
ಮೇಜಿನ ಕೆಳಗೆ ಸುಮ್ಮನೆ ಆಡುತ್ತಿತ್ತು.

ಆಗ ಹಿಂದಿನ ಬೆಂಚಿನಿಂದ ಜೈಬುನ್ನಿಸಾ ಎದ್ದರು,
ಮೂರನೇ ಕ್ರಾಸು, ಎಂಟು ಮನೆಯ ವಠಾರ.
'ಮೋಟ್ರು ಸುಟ್ಟು ಟ್ಯಾಂಕು ಒಣಗಿತ್ತು ಸಾಹೇಬ್ರೆ.
ಏಳು ಸಲ ಮಾಡ್ದೆ ಇವರಿಗೆ.
ಏಳು ಸಲಾನೂ ಆ ಹುಡುಗಿ ಅದನ್ನೇ ಹೇಳಿದ್ಲು:
ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.
ಬೇರೆಯವರನ್ನ ಕರೆಸ್ದೆ, ದುಡ್ಡು ಅವರಿಗೆ ಹೋಯ್ತು.
ಆಮೇಲೆ ನೋಡಿದ್ರೆ ಇವರು ಎರಡು ಬೀದಿ ಆಚೆ
ಸುತ್ತಿಗೆ ಹಿಡ್ಕೊಂಡು ಖಾಲಿ ಕೂತಿದ್ರು.'

ಹೊರಗೆ ಹೋಗಿರಲಿಲ್ಲ ನಾನು.
ಸ್ಟೂಲು ಬಿಟ್ಟು ಎದ್ದಿರಲಿಲ್ಲ.
ವ್ಯಾಪ್ತಿಯೇ ಎದ್ದು ಹೋಗಿತ್ತು,
ಹೇಳದೆ, ಬಾಗಿಲು ಎಳೆದುಕೊಂಡು.

ಸದಸ್ಯೆ ಕನ್ನಡಕ ಒರೆಸಿ ಏನೋ ಬರೆದರು.
'ಏಳು' ಎಂದು ಬರೆದರೋ, ನನಗೆ ಕಾಣಲಿಲ್ಲ.
ಲಾಯರು ಸಮಯ ಕೇಳಿದರು. ಸಿಕ್ಕಿತು.

ಇಳಿಯುವಾಗ ಗುಮಾಸ್ತ ಕೂಗಿದ:
'ಮುಂದಿನ ತಾರೀಖು ಮೆಸೇಜ್ ಬರತ್ತೆ,
ಫೋನ್ ಆನ್ ಇಟ್ಕೊಳ್ಳಿ.'
ಜೈಬುನ್ನಿಸಾ ನಕ್ಕರು, ಸೆರಗು ಬಾಯಿಗೆ ಒತ್ತಿ.

ನಾನು ಮೆಟ್ಟಿಲು ವಾಪಸ್ ಹತ್ತಿದೆ.
ಜೇಬಿನಲ್ಲಿ ವೈಂಡಿಂಗಿಗೆ ಹಾಕುವ ಹಳದಿ ಕಾಗದದ ತುಂಡಿತ್ತು.
'ಇದರ ಮೇಲೆ ಬರೆದುಕೊಡಿ ಅಣ್ಣ,' ಅಂದೆ,
'ಇದು ಬೇಗ ಸುಡೋದಿಲ್ಲ.'