ಬಲೆಯಿಲ್ಲದ ರಿಂಗು

ಸೋಮವಾರ ಐದು ಗಂಟೆಯೊಳಗೆ ಹೇಳಬೇಕಂತೆ.
ಇವತ್ತು ಶನಿವಾರ. ಗಂಗರತ್ನ ಇನ್ನೂ ಹೇಳಿಲ್ಲ.
ಕಾಗದ ಅವಳ ಶೂ ಚೀಲದಲ್ಲಿದೆ,
ಮೊಣಕಾಲಿನ ಪಟ್ಟಿಯ ಜೊತೆ, ಬೆವರು ಕುಡಿದು ಅಂಚು ಸುರುಟಿ.
ಹನ್ನೊಂದು ಪುಟ. ಏಳನೆಯದರಲ್ಲಿ ದುಡ್ಡು.

ಚೆನ್ನೈಯ ತಂಡ. ಹೊಸ ಲೀಗು. ನಾಲ್ಕು ತಿಂಗಳಿಗೆ
ಅವರಪ್ಪ ಮಂಡಿಯಲ್ಲಿ ಟೊಮೆಟೊ ತೂಗಿ
ಮೂರು ವರ್ಷಕ್ಕೆ ಕಾಣುವಷ್ಟು.
ಸಹಿ ಹಾಕಿದರೆ ಯೂನಿವರ್ಸಿಟಿ ಆಟ ಮುಗಿಯಿತು,
ಬಿ.ಕಾಂ. ಕೊನೇ ವರ್ಷ ಅರ್ಧಕ್ಕೆ ನಿಂತಿತು,
ಒಂಬತ್ತನೇ ನಂಬರಿನ ಬನಿಯನ್ನು
ಬೈಚಪ್ಪ ಸರ್ ಬೀರು ಸೇರಿತು.

ಪ್ರಿನ್ಸಿಪಾಲರಿಗೆ ಷೀಲ್ಡು ಬೇಕು, ಇನ್ನೊಂದು ವರ್ಷ ಇರಮ್ಮ ಅಂದರು.
ಬೈಚಪ್ಪ ಸರ್ ಹೋಗು ಅಂದರು, ಹೇಳಿ
ಅರ್ಧ ದಿನ ಯಾರನ್ನೂ ಮಾತಾಡಿಸಲಿಲ್ಲ.
ಅವರಪ್ಪನದು ಈಗ ಎಲೆಕ್ಟ್ರಾನಿಕ್ ತಕ್ಕಡಿ, ಮುಳ್ಳಿಲ್ಲ,
ಆದರೂ ಅಂಕಿ ನಿಲ್ಲುವವರೆಗೆ ಬಾಯಿ ಬಿಡುವವರಲ್ಲ.
ಅಮ್ಮ ಮಾತ್ರ ಕಾಗದದ ಮೇಲೆ ಬೆರಳಿಟ್ಟು
'ಕಾಲು ಮುರಿದರೆ ಯಾರು ನೋಡ್ತಾರೆ?' ಅಂದರಂತೆ.
ಅದಕ್ಕೆ ಹನ್ನೊಂದು ಪುಟದಲ್ಲಿ ಎಲ್ಲೂ ಉತ್ತರವಿರಲಿಲ್ಲ.

ನನ್ನನ್ನು ಯಾರೂ ಕೇಳಿಲ್ಲ.
ನಾನು ಶಬ್ರೀನ್ ತಾಜ್, ನಾಲ್ಕನೇ ನಂಬರು, ಐದಡಿ ಒಂದಂಗುಲ.
ಪೇಪರಿನಲ್ಲಿ ಅವಳ ಚಿತ್ರ ಬಂದಾಗಲೆಲ್ಲ
ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದಲ್ಲ, ಅದು ನಂದು.
ಧಾರವಾಡದಲ್ಲಿ ಮೂವತ್ತೊಂದು ಪಾಯಿಂಟು ಅಂತ ಬರೆದರು,
ಚೆಂಡು ಅವಳ ಕೈಗೆ ಹೇಗೆ ಬಂತು ಅಂತ ಬರೆಯಲಿಲ್ಲ.
ಬೇಜಾರಿಲ್ಲ.
ಸ್ವಲ್ಪ ಇದೆ.
ಅವಳು ಹೋದರೆ ನಾನು ಯಾರಿಗೆ ಎಸೆಯಲಿ?
ಪುಷ್ಪಲತಾಗಾ? ಚೆಂಡು ಬಂದರೆ ಕಣ್ಣು ಮುಚ್ಚುತ್ತಾಳೆ.

ಸಂಜೆ ಎಲ್ಲರೂ ಹೋದ ಮೇಲೆ ನಾವಿಬ್ಬರೇ ಉಳಿದೆವು,
ಸಿಮೆಂಟು ಬಿರಿದ ಕೋರ್ಟು. ಅಂತರಗಂಗೆ ಬೆಟ್ಟದ ಬಂಡೆ
ಹಗಲಿನ ಕಾವು ಇನ್ನೂ ಬಿಟ್ಟಿರಲಿಲ್ಲ.
ಮಂಡಿ ಕಡೆಯಿಂದ ಲಾರಿಗಳ ಹಾರ್ನು,
ಗಾಳಿಯಲ್ಲಿ ಒಡೆದ ಹಣ್ಣಿನ ಹುಳಿ.
'ಒಂದು ಫ್ರೀ ಥ್ರೋ ಹಾಕ್ತೀನಿ ತಾಜೂ. ಬಿದ್ದರೆ ಹೋಗ್ತೀನಿ.'
ನಾನು ನಕ್ಕೆ. 'ನಿಂದು ಬೀಳದೇ ಇದ್ದದ್ದು ಯಾವಾಗ?
ಹೋಗ್ತೀನಿ ಅಂತ ನೆಟ್ಟಗೆ ಹೇಳು.'
ಅವಳು ನಗಲಿಲ್ಲ. ಚೆಂಡನ್ನು ಎಡಗೈಗೆ ಬದಲಿಸಿದಳು,
ಬರೆಯಲು ಬಾರದ, ಬಾಚಣಿಗೆ ಹಿಡಿಯಲೂ ಬಾರದ ಕೈ.
ಎರಡು ಸಲ ನೆಲಕ್ಕೆ ಕುಟ್ಟಿದಳು. ಮೂರನೇ ಸಲಕ್ಕೆ
ಕರೆಂಟು ಹೋಯಿತು.

ಅವಳ ಉಸಿರು ಕೇಳಿತು. ಎಸೆದದ್ದು ಕೇಳಲಿಲ್ಲ.
ಹಲಗೆಗೆ ತಗುಲಿದ್ದು, ಕಬ್ಬಿಣ ಒಮ್ಮೆ ಅದುರಿದ್ದು,
ಆಮೇಲೆ ನೆಲಕ್ಕೆ ಟಪ್, ಟಪ್, ಟಪ್ಟಪ್.
ನಮ್ಮ ರಿಂಗಿಗೆ ಬಲೆಯಿಲ್ಲ.
ಹೋದ ಡಿಸೆಂಬರಿನಲ್ಲಿ ಹರಿಯಿತು, ಅರ್ಜಿ ಕೊಟ್ಟಿದ್ದೇವೆ, ಬಂದಿಲ್ಲ.
ಬಲೆಯಿದ್ದಿದ್ದರೆ ಸರ್ರನೆ ಒಂದು ಸದ್ದು, ಅಷ್ಟರಲ್ಲೇ ತಿಳಿಯುತ್ತಿತ್ತು.
ಈಗ ಒಳಗಿಂದ ಬಿದ್ದರೂ ಹೊರಗಿಂದ ಬಿದ್ದರೂ
ಅದೇ ನೆಲ.

'ಬಿತ್ತೇನೇ?'

ರಿಂಗಿನ ಕೆಳಗೆ ನಿಂತಿದ್ದವಳು ನಾನು.
ಮುಂದಿನ ವರ್ಷದ ಮೈಸೂರು, ಕೊನೇ ಸೀಟಿನ ಕಿಟಕಿ,
ಗೆದ್ದ ರಾತ್ರಿ ನನ್ನ ಹೆಗಲ ಮೇಲೆ ಜೊಲ್ಲು ಸುರಿಸಿ ಮಲಗುವ ಅವಳ ತಲೆ,
ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು.

'ಬಿತ್ತು,' ಅಂದೆ.
'ನೋಡಿದೆಯಾ?'
'ಕಣ್ಣಾರೆ.'

ಅವಳು ಸುಮ್ಮನಿದ್ದಳು. ಆಮೇಲೆ 'ಸುಳ್ಳಿ' ಅಂದಳು,
ಬೈದ ಹಾಗಿರಲಿಲ್ಲ. ಇಬ್ಬರೂ ಮಂಡಿಯೂರಿ
ಒಣಹುಲ್ಲಿನಲ್ಲಿ ಚೆಂಡಿಗೆ ತಡಕಾಡಿದೆವು.
ಸಿಕ್ಕಿದ್ದು ಅವಳಿಗೆ. ಕತ್ತಲಲ್ಲೇ ನನ್ನತ್ತ ಎಸೆದಳು,
ಎದೆಮಟ್ಟಕ್ಕೆ, ಗುರಿ ತಪ್ಪದೆ.
ಮೂರು ವರ್ಷದಲ್ಲಿ ಮೊದಲ ಸಲ.
ಅಂಗೈ ಉರಿಯಿತು.